ಕೋಣನ ಓಟದ ಸಿನಿಮಾ

ಕೆಸರುಗದ್ದೆಯ ಓಟದಲ್ಲಿ ಗೆದ್ದು ಹೆಸರು ಮಾಡಿದ್ದ ಕೋಣನ ಕಥೆಯನ್ನು ನವಿಲು ಸಿನಿಮಾ ಮಾಡಲು ಹೊರಟಿತು. ಕೋಣನ ಪಾತ್ರಕ್ಕೆ ಬಿಳಿ ಹೋರಿಯನ್ನು ಗೊತ್ತುಮಾಡಿತು.

"ಸ್ವಾಮಿ, ನಾನಿನ್ನೂ ಬದುಕಿದ್ದೇನೆ," ಎಂದಿತು ಕೋಣ.

"ಇದು ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಕಣಯ್ಯ. ನಿನ್ನ ಮುಖ ಕಂಡರೆ ಮಕ್ಕಳು ಹೆದರುತ್ತವೆ."

"ನನಗೂ ಒಂದು ಕರು ಇದೆ. ತೆರೆಯ ಮೇಲೆ ನಮ್ಮಂಥ ಮುಖವನ್ನು ಅದು ಒಮ್ಮೆಯಾದರೂ ನೋಡಲಿ ಅಂತ ಆಸೆ."

"ಕರೆದುಕೊಂಡು ಬಾ. ಮುಂದಿನ ಸಾಲಿನಲ್ಲೇ ಕೂರಿಸೋಣ."

ಚಿತ್ರೀಕರಣದ ದಿನ ಹೋರಿ ಕೆಸರಿಗಿಳಿದು, ಕಾಲು ಹೂತು, ಅಲುಗಾಡಲಾರದೆ ನಿಂತಿತು. ನವಿಲು ಕೋಣನಿಗೆ ಹೇಳಿ ಕಳುಹಿಸಿತು.

"ನೀನು ಓಡು. ಕಾಲನ್ನಷ್ಟೇ ತೋರಿಸುತ್ತೇವೆ. ಕೆಸರು ಮೆತ್ತಿದ ಮೇಲೆ ಯಾರ ಕಾಲಾದರೇನು?"

ಏನೂ ಇಲ್ಲದ್ದಕ್ಕಿಂತ ಕಾಲಾದರೂ ಇರಲಿ ಎಂದುಕೊಂಡು ಕೋಣ ಓಡಿತು.

ಸಿನಿಮಾ ಗೆದ್ದಿತು. ನವಿಲು ವೇದಿಕೆ ಹತ್ತಿ ಗರಿ ಬಿಚ್ಚಿ, "ನಮ್ಮ ಚಿತ್ರದಲ್ಲಿ ಎಲ್ಲ ಜಾತಿಯ ಪ್ರಾಣಿಗಳಿಗೂ ಜಾಗವಿದೆ," ಎಂದಿತು. ಚಪ್ಪಾಳೆಯ ನಡುವೆ ಕೋಣ ತನ್ನ ಕರುವಿನ ಕಿವಿಯಲ್ಲಿ, "ಆ ಕಾಲು ನನ್ನದು, ಮಗಾ," ಎಂದಿತು. ಕರು ಹಿಗ್ಗಿತು.

ಮರುದಿನ ಕೊಟ್ಟಿಗೆಯ ಮುಂದೆ ಕರುಗಳು ಅದೇ ಸಿನಿಮಾದ ಆಟ ಹೂಡಿದವು.

"ನಾನು ಕೋಣ," ಎಂದಿತು ಹೋರಿಯ ಕರು.

"ಹಾಗಾದರೆ ನಾನು?" ಎಂದಿತು ಕೋಣನ ಕರು.

"ನೀನು ಕಾಲು. ಮುಖ ಮುಚ್ಚಿಕೋ."

ಕೋಣನ ಕರು ಹುಲ್ಲಿನ ರಾಶಿಯೊಳಗೆ ಮುಖ ಹುದುಗಿಸಿ, ನಿಂತಲ್ಲೇ ಕಾಲು ಬಡಿಯುತ್ತ, ಕೊಟ್ಟಿಗೆಯಲ್ಲಿದ್ದ ಅಪ್ಪನಿಗೆ ಕೇಳುವಂತೆ ಕೂಗಿತು:

"ಥೇಟ್ ನಿನ್ನ ಹಾಗೇ, ಅಲ್ಲವೇನಪ್ಪಾ?"