ಹೊಂಬಾಳಮ್ಮ ಕಟ್ಟಿದ ಈಸಲು

ಯಾವ ಕಾಲ ಅಂತ ಕೇಳಬೇಡಿ, ಹೊಳೆಗೆ ಸೇತುವೆ ಬರುವುದಕ್ಕೂ ಬಹಳ ಹಿಂದೆ. ದಂಡೆಯ ಒಂದೂರಲ್ಲಿ ಬೆಸ್ತರ ಹೊಂಬಾಳಮ್ಮ ಅಂತ ಒಬ್ಬಳಿದ್ದಳಂತೆ. ತೀರಿಕೊಂಡ ಗಂಡ ಬಿಟ್ಟುಹೋದ ಆಸ್ತಿ ಅಂದರೆ ಒಂದು ಬಿದಿರುಕೋಲು, ನಾಲ್ಕು ಗಾಳ.

ಮಗಳು ಚಿಕ್ಕತಾಯಿ ಹೆರಿಗೆಗೆ ಬಂದಳು. ಹೆತ್ತಳು, ಎದೆಯಲ್ಲಿ ಹಾಲೇ ಇಳಿಯಲಿಲ್ಲ. ಹಸುವಿನ ಹಾಲು ಕುಡಿಸಿದರೆ ಕೂಸು ಕಕ್ಕುತ್ತಿತ್ತು. ಹೊಳೆಯ ಮಡುವಿನ ಮೀನಿನ ಸಾರು ಕುಡಿದರೆ ಬಾಣಂತಿಗೆ ಹಾಲು ಬರುತ್ತದೆ ಅನ್ನುವುದು ಆ ಊರಿನ ನಂಬಿಕೆ. ಮಡುವಿನ ತುಂಬ ಬಂಡೆ, ಬಲೆ ಬಿಟ್ಟರೆ ಸಿಕ್ಕಿ ಹರಿದುಹೋಗುತ್ತಿತ್ತು. ಮೊದಲ ಮಳೆ ಬಿದ್ದು ಹುತ್ತದಿಂದ ರೆಕ್ಕೆಯ ಗೆದ್ದಲು, ಅದೇ ಈಸಲು ಹುಳ, ಏಳುವ ದಿನಗಳು ಬೇರೆ. ನೀರಿಗೆ ಬಿದ್ದ ಈಸಲು ಬಿಟ್ಟು ಮೀನು ಇನ್ನೇನನ್ನೂ ಮೂಸುತ್ತಿರಲಿಲ್ಲ. ಎರೆಹುಳ ಹಾಕಿದಳು, ರಾಗಿಮುದ್ದೆ ಹಾಕಿದಳು, ಊಹೂಂ. ಈಸಲನ್ನೇ ಗಾಳಕ್ಕೆ ಚುಚ್ಚಿದರೆ ರೆಕ್ಕೆ ಉದುರಿಹೋಯಿತು.

"ಅವ್ವಾ, ಕೂಸು ಅಳೋದ್ನೂ ಬುಟ್ಬುಡ್ತು" ಅಂದಳಂತೆ ಚಿಕ್ಕತಾಯಿ. ಹೊಂಬಾಳಮ್ಮನ ಜೀವ ಬಾಯಿಗೆ ಬಂತು.

ನಿಜದ ಈಸಲು ಗಾಳದಲ್ಲಿ ನಿಲ್ಲದಿದ್ದರೆ ನಾನೇ ಒಂದು ಕಟ್ಟುತ್ತೇನೆ ಅಂತ ನೆರೆಮನೆಯ ಕೊಟ್ಟಿಗೆಗೆ ಓಡಿದಳು. ಕರುವಿನ ಬಾಲದಿಂದ ಚಿಟಿಕೆ ಬಿಳಿ ಕೂದಲು ಕತ್ತರಿಸಿ, ತುದಿ ಸಮ ಮಾಡಿ, ಜೇನುಮೇಣ ಸವರಿದ ರೇಷ್ಮೆ ನೂಲಿನಿಂದ ಗಾಳಕ್ಕೆ ಸುತ್ತಿದಳು. ಕೂದಲನ್ನು ಎರಡು ಪಾಲು ಮಾಡಿ, ನಡುವೆ ನೂಲು ಹಾಯಿಸಿ ರೆಕ್ಕೆ ನಿಲ್ಲಿಸಿದಳು. ಕತ್ತಿಗೆ ಹುಂಜದ ಕೆಂಪು ಗರಿ. ಹಾರಿಹೋದೀತು ಅಂತ ನೋಡಿದವರು ಹೆದರಿದರಂತೆ!

ನೀರಿಗೆ ಬಿಟ್ಟಳು. ತೋಳುದ್ದದ ಮೀನು ಮೇಲೆ ಬಂತು, ಮೂತಿ ತಾಗಿಸಿತು, ತಿರುಗಿ ಹೋಯಿತು. ಮೂರು ಸಲ ಹಾಗೇ ಆಯಿತು.

ಬಗ್ಗಿ ನೋಡಿದರೆ ಗಾಳದ ಸುತ್ತ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು. ಕೈ ಮೂಸಿಕೊಂಡಳು. ಬೆಳಿಗ್ಗೆ ಮಗಳ ಮೈಗೆ ತಿಕ್ಕಿದ ಹರಳೆಣ್ಣೆ! ಮುದ್ದಿನಿಂದ ಹಚ್ಚಿದ ಎಣ್ಣೆಯೇ ಅಡ್ಡ ಬಂತಲ್ಲ ಅಂತ ಬಿಕ್ಕಿಬಿಕ್ಕಿ ಅತ್ತಳಂತೆ. ಬೂದಿ, ಸೀಗೆ, ಮರಳು ಹಾಕಿ ಚರ್ಮ ಕೀಳುವ ಹಾಗೆ ಕೈ ಉಜ್ಜಿದಳು. ಮತ್ತೆ ಕೊಟ್ಟಿಗೆಗೆ ಹೋದರೆ ಕರು ತಾನೇ ತಿರುಗಿ ಬಾಲ ಕೊಟ್ಟಿತಂತೆ.

ಎರಡನೆಯ ಈಸಲು ಗಾಳಿಯಲ್ಲಿ ಇರುವಾಗಲೇ ಒಂದು ಹಕ್ಕಿ ನಿಜದ ಹುಳವೆಂದು ಎರಗಿತಂತೆ. ಅದರ ಕೊಕ್ಕು ತಾಗುವ ಮೊದಲೇ ನೀರು ಸೀಳಿ ಮೀನು ಎದ್ದು ಗಾಳವನ್ನು ಬಾಯಿಗೆ ಹಾಕಿಕೊಂಡಿತು.

ಮಗಳು ಸಾರು ಕುಡಿದಳು. ಹಾಲು ಬಂತು. ಮೂರನೆಯ ದಿನ ಕೂಸು ಗಂಟಲು ಬಿಟ್ಟು ಅತ್ತಿತು, ಆಚೆ ದಡಕ್ಕೂ ಕೇಳಿತಂತೆ.

ಇವತ್ತಿಗೂ ಆ ಊರಲ್ಲಿ ತೊಟ್ಟಿಲು ಕಟ್ಟಿದರೆ, ಮನೆಯ ಹಿರಿಯಳು ಬೂದಿಯಲ್ಲಿ ಕೈ ತಿಕ್ಕಿಕೊಂಡು ಕರುವಿನ ಕೂದಲಿನ ಈಸಲು ಕಟ್ಟಿ ಮೇಲೆ ತೂಗುಹಾಕುತ್ತಾಳೆ. ಗಾಳ ಮಾತ್ರ ಇಡುವುದಿಲ್ಲ. ಕೂಸು ಎಷ್ಟು ಅತ್ತರೂ ಅಲ್ಲಿ ಯಾರೂ ಗದರುವುದಿಲ್ಲ. "ಅಳ್ಲಿ ಬುಡಿ, ಹೊಂಬಾಳಮ್ಮಂಗೆ ಕೇಳುಸ್ಲಿ" ಅನ್ನುತ್ತಾರೆ.