ಬಡಗಿಯ ಚಪ್ಪಾಳೆ

“ಗುರುಗಳೇ, ಇಪ್ಪತ್ತೆರಡು ವರ್ಷ ಬೇರೆಯವರ ಹೆಗಲಿಗೆ ಶಾಲು ಹೊದಿಸಿದವನು ತನಗೂ ಒಂದು ಶಾಲು ಬೇಕು ಅಂದರೆ ತಪ್ಪೇ?”

ಕೇಳಿದವನು ತೋಟಪ್ಪ. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತಾನು ಓದಿದ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಇಪ್ಪತ್ತೆರಡು ವರ್ಷಗಳಿಂದ ಅವನೇ ಕಾರ್ಯದರ್ಶಿ. ಉದ್ಯೋಗದಲ್ಲಿ ಹೆಸರು ಮಾಡಿದವರನ್ನು, ಊರಿಗೆ ಉಪಕಾರ ಮಾಡಿದವರನ್ನು ಹುಡುಕಿ, ವರ್ಷಕ್ಕೊಮ್ಮೆ ಕರೆಸಿ, ಸನ್ಮಾನ ಮಾಡಿಸುವುದು ಅವನ ಪಾಲಿನ ಕೆಲಸ. ಹುಡುಕುವವನೂ ಅವನೇ, ಕಾಗದ ಬರೆಯುವವನೂ ಅವನೇ, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿಡುವವನೂ ಅವನೇ.

ಗುರುಗಳು ಬೆಳಿಗ್ಗೆಯಷ್ಟೇ ಯಾವುದೋ ಸಮಾರಂಭದ ಸಾನ್ನಿಧ್ಯ ವಹಿಸಿ ಬಂದಿದ್ದರು. ಹೆಗಲ ಮೇಲಿದ್ದ ಹೊಸ ಶಾಲನ್ನು ತೆಗೆದು ಗೂಟಕ್ಕೆ ಹಾಕಿದರು. ಗೂಟದಲ್ಲಿ ಆಗಲೇ ನಾಲ್ಕಿದ್ದವು.

ತೋಟಪ್ಪ ಜೇಬಿನಿಂದ ಒಂದು ಹಾಳೆ ತೆಗೆದ. “ನಾಳೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಬೇಕು. ಒಂಬತ್ತು ಹೆಸರು ಆಗಿದೆ, ಹತ್ತನೇದು ಖಾಲಿ. ಅಲ್ಲಿ ನನ್ನ ಹೆಸರು ಬರೆಯಲೋ ಬೇಡವೋ, ನೀವೇ ಹೇಳಿ. ನನಗೂ ಸಾಕಾಗಿದೆ. ಹಿಂದೆ ಸನ್ಮಾನ ಆದವರಿಗೆಲ್ಲ ಈ ಸಲವೂ ಹಾರ, ಹಣ್ಣಿನ ಬುಟ್ಟಿ ಕೊಡಬೇಕಂತೆ. ಅವರಿಗೇ ಹಾಲ್‌ನಲ್ಲಿ ಜಾಗ ಸಾಲದು. ಅದಕ್ಕೇ ಆವತ್ತು ಮಕ್ಕಳಿಗೆ ರಜೆ ಕೊಡಿಸಿದ್ದೀನಿ. ಅದಕ್ಕೂ ಓಡಾಡಿದವನು ನಾನೇ.”

“ಕೂತ್ಕೊ,” ಎಂದರು ಗುರುಗಳು. ತಾವೂ ಗೋಡೆಗೆ ಒರಗಿ ಕಾಲು ಚಾಚಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿಗೊಂದು ಹೈಸ್ಕೂಲು. ಶಾಲೆಗೆ ಒಂದೇ ದೊಡ್ಡ ಹಜಾರ. ಪಾಠವೂ ಅಲ್ಲೇ, ಸಭೆಯೂ ಅಲ್ಲೇ. ಮೊದಲ ಹೆಡ್‌ಮಾಸ್ಟರು ಒಂದು ಪದ್ಧತಿ ಇಟ್ಟಿದ್ದರು. ಅಲ್ಲಿ ಓದಿ ಹೆಸರು ಮಾಡಿದವರನ್ನು ವರ್ಷಕ್ಕೊಬ್ಬರಂತೆ ಕರೆಸುವುದು. ಹಾರವಿಲ್ಲ, ತುರಾಯಿಯಿಲ್ಲ. ಬಂದವರು ಚಿಕ್ಕಂದಿನಲ್ಲಿ ಯಾವ ಬೆಂಚಿನಲ್ಲಿ ಕೂರುತ್ತಿದ್ದರೋ ಅದೇ ಬೆಂಚಿನಲ್ಲಿ, ಮಕ್ಕಳ ನಡುವೆ ಕೂರಿಸುವುದು.

ಒಂದು ವರ್ಷ ಒಬ್ಬ ಡಾಕ್ಟರು ಬಂದ. ವಾರಕ್ಕೊಂದು ದಿನ ಬಡವರಿಗೆ ಪುಕ್ಕಟೆ ಮದ್ದು ಕೊಡುವವನು. ಮೊಣಕಾಲು ಬೆಂಚಿಗೆ ತಾಗಿ ಒದ್ದಾಡಿಕೊಂಡು ಕೂತ. ಪಕ್ಕದಲ್ಲಿದ್ದ ಹುಡುಗಿ ಅವನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಇಷ್ಟು ದೊಡ್ಡವನು ನಾನು ಕೂತಲ್ಲೇ ಕೂತಿದ್ದನೇ ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸನ್ಮಾನ ಅಂದರೆ ಅಷ್ಟೇ. ಡಾಕ್ಟರು ಕಣ್ಣೊರೆಸಿಕೊಂಡು ಹೋದ.

ಅದೇ ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನೂ ಆ ಶಾಲೆಯವನೇ. ಹತ್ತನೆಯ ತರಗತಿಯಲ್ಲಿ ಲೆಕ್ಕ ಎರಡು ಸಲ ಕೈಕೊಟ್ಟಿತು. ಅಪ್ಪನ ಉಳಿ, ಸುತ್ತಿಗೆ ಕೈಹಿಡಿದವು. ಒಳ್ಳೆಯ ಕೆಲಸಗಾರ. ಊರಿನಲ್ಲಿ ಯಾರು ಕಾಲು ಮುರಿದುಕೊಂಡರೂ ಊರುಗೋಲು ಮಾಡಿಕೊಡುತ್ತಿದ್ದ, ಕೂಲಿ ಕೇಳುತ್ತಿರಲಿಲ್ಲ. ಶಾಲೆಯ ಬಾಗಿಲು ಕಿರುಗುಟ್ಟಿದರೂ ಅವನೇ ಬರುತ್ತಿದ್ದ.

ಹೆಡ್‌ಮಾಸ್ಟರು ಬದಲಾದರು. ಬಂದವರಿಗೆ ಹಳೆಯ ಪದ್ಧತಿ ಹಿಡಿಸಲಿಲ್ಲ. ಅಂಥ ದೊಡ್ಡ ಮನುಷ್ಯರನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದರೆ ಶಾಲೆಯ ಮರ್ಯಾದೆ ಏನಾಗಬೇಕು? ಒಂದು ವೇದಿಕೆ ಆಗಬೇಕೆಂದರು. ಬಡಗಿಯನ್ನು ಕರೆಸಿದರು. ಮರ ಎಲ್ಲಿಂದ ತರುವುದು ಎಂದು ಅವನು ಕೇಳಿದ. ಮುಂದಿನ ಸಾಲಿನ ಬೆಂಚು ತೆಗೆದರೆ ಜಾಗವೂ ಆಯಿತು, ಮರವೂ ಆಯಿತು ಎಂದರು. ಒಂದೇ ಕಲ್ಲಿಗೆ ಎರಡು ಹಕ್ಕಿ. ಬಡಗಿ ಬೆಂಚು ಬಿಚ್ಚಿ ಹಲಗೆ ಜಡಿದ. ಒಂದು ಸಾಲು ತಾನೇ ಎಂದುಕೊಂಡ.

ಆದರೆ ಒಮ್ಮೆ ವೇದಿಕೆ ಹತ್ತಿದವರನ್ನು ಮರುವರ್ಷ ಕೆಳಗೆ ಕೂರು ಎನ್ನುವುದು ಹೇಗೆ? ಅವರೂ ಮೇಲೆಯೇ ಕೂತರು. ಹೊಸಬರಿಗೆ ಕೊಟ್ಟು ಹಳಬರಿಗೆ ಬರಿಗೈ ತೋರಿಸುವುದು ಹೇಗೆ? ಅವರ ತೊಡೆಯ ಮೇಲೂ ಹಣ್ಣಿನ ಬುಟ್ಟಿ ಬಂತು. ವರ್ಷ ಕಳೆದಂತೆ ವೇದಿಕೆ ಬೆಳೆಯಿತು, ಬೆಂಚು ಕರಗಿತು. ಮಕ್ಕಳು ಮೊದಲು ನೆಲಕ್ಕೆ ಬಂದರು. ಆಮೇಲೆ ಜಗಲಿಗೆ ಹೋದರು. ಕಡೆಗೆ ಆ ದಿನ ಮಕ್ಕಳಿಗೆ ರಜೆ ಎಂದಾಯಿತು. ರಜೆ ಯಾರಿಗೆ ಬೇಡ? ಕುಣಿಯುತ್ತಾ ಮನೆಗೆ ಹೋದರು. ವೇದಿಕೆಯ ಮೇಲೆ ಯಾರಿದ್ದರು ಎಂದು ಅವರು ಕೇಳಲೂ ಇಲ್ಲ.

ಪ್ರತಿ ವರ್ಷವೂ ಹಲಗೆ ಜಡಿದವನು ಬಡಗಿಯೇ. ಜಡಿಯುವಾಗಲೆಲ್ಲ ಮುಂದಿನ ವರ್ಷ ನನ್ನದು ಎಂದುಕೊಳ್ಳುತ್ತಿದ್ದ. ಜಡಿದ ಮೇಲೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಓದುವಾಗ ಅವನು ಕೂರುತ್ತಿದ್ದ ಬೆಂಚೂ ಅದೇ. ಹೆಸರು ಕರೆದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದ. ಉಳಿ ಹಿಡಿದು ಗಟ್ಟಿಯಾದ ಕೈ. ಅವನೊಬ್ಬ ತಟ್ಟಿದರೆ ಹತ್ತು ಜನ ತಟ್ಟಿದಂತೆ. ಅಧ್ಯಕ್ಷರು ಭಾಷಣದ ಕೊನೆಯಲ್ಲಿ ಎಲೆಮರೆಯ ಕಾಯಿಗಳಿಗೂ ವಂದನೆ ಎನ್ನುತ್ತಿದ್ದರು. ಅದಕ್ಕೂ ತಟ್ಟುತ್ತಿದ್ದ. ಮನೆಗೆ ಹೋದ ಮೇಲೆ ಮಾತ್ರ ಊಟ ಸೇರುತ್ತಿರಲಿಲ್ಲ.

ಇಪ್ಪತ್ತು ವರ್ಷ ಹೀಗೆ ಹೋಯಿತು. ಸುತ್ತಿಗೆ ಎತ್ತಿದರೆ ತೋಳು ಸೋಲತೊಡಗಿತು. ಆಸೆಯೂ ಸೋತಿತ್ತು, ಆದರೆ ಸತ್ತಿರಲಿಲ್ಲ. ಸೋತ ಆಸೆ ಬಲು ಕೆಟ್ಟದ್ದು. ಎದ್ದು ಹೋಗಲೂ ಬಿಡದು, ನೆಮ್ಮದಿಯಾಗಿ ಕೂರಲೂ ಬಿಡದು.

ಒಂದು ದಿನ ಹೆಡ್‌ಮಾಸ್ಟರು ಅವನನ್ನು ಕರೆದರು. “ಈ ವರ್ಷ ನಿಂದೇ ಕಣಯ್ಯ. ಬೇರೆ ಯಾರೂ ಉಳಿದಿಲ್ಲ.”

ಎರಡನೆಯ ಮಾತು ಬಡಗಿಯ ಎದೆಗೆ ನಾಟಿತು. ಆದರೂ ಮೊದಲನೆಯ ಮಾತನ್ನೇ ಹಿಡಿದುಕೊಂಡ. “ನನ್ನ ಕುರ್ಚಿಗೆ ಜಾಗ ಎಲ್ಲಿದೆ ಸಾರ್?”

“ಕೊನೇ ಬೆಂಚು ಇದೆಯಲ್ಲ. ತೆಗಿ.”

ಸನ್ಮಾನದ ಹಿಂದಿನ ದಿನ ಬಡಗಿ ಸುತ್ತಿಗೆ ಹಿಡಿದು ಹಜಾರಕ್ಕೆ ಬಂದ. ಕೆಳಗೆ ಉಳಿದಿದ್ದುದು ಅದೊಂದೇ ಬೆಂಚು. ಅದರ ಮೂಲೆಯಲ್ಲಿ ಕೈವಾರದ ಮುಳ್ಳಿನಿಂದ ಕೆತ್ತಿದ ಹೆಸರಿತ್ತು, ಅವನದೇ. ಅದನ್ನು ಕೆತ್ತಿದ್ದಕ್ಕೆ ಮೇಷ್ಟರ ಕೈಯಲ್ಲಿ ಏಟು ತಿಂದಿದ್ದ. ಹೆಸರಿನ ಮೇಲೆ ಹೆಬ್ಬೆರಳಾಡಿಸಿದ. ಸ್ವಲ್ಪ ಹೊತ್ತು ಅದರ ಮೇಲೆ ಕೂತ. ಬೇಡ ಎಂದು ಮನಸ್ಸು ಹೇಳಿತು. ಇಪ್ಪತ್ತು ವರ್ಷ ಕಾದಿದ್ದೇನೆ ಎಂದೂ ಅದೇ ಮನಸ್ಸು ಹೇಳಿತು. ಎದ್ದು ಮೊಳೆ ಕಿತ್ತ. ಹೆಸರಿದ್ದ ಮಗ್ಗುಲನ್ನು ಕೆಳಗೆ ಮಾಡಿ ಹಲಗೆಯನ್ನು ವೇದಿಕೆಗೆ ಜಡಿದ. ಅದರ ಮೇಲೆ ತನ್ನ ಕುರ್ಚಿ ಹಾಕಿಕೊಂಡ.

ಮರುದಿನ ಅವನ ಹೆಸರು ಕರೆದರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿದರು. ಮಾನಪತ್ರ ಓದಿದರು. ಊರುಗೋಲಿನ ವಿಷಯ ಬಂತು, ಬಾಗಿಲಿನ ವಿಷಯ ಬಂತು. ಒಂದೂ ಸುಳ್ಳಲ್ಲ. ಆಗ ಅಧ್ಯಕ್ಷರು ಮೈಕು ಹಿಡಿದು, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು ಎಂದರು.

ವೇದಿಕೆಯ ಮೇಲೆ ಎಲ್ಲರೂ ಇದ್ದರು. ಡಾಕ್ಟರಿದ್ದ, ನ್ಯಾಯಾಧೀಶನಿದ್ದ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ತಾಯಿಯಿದ್ದಳು. ಕೆಟ್ಟವರು ಒಬ್ಬರೂ ಇಲ್ಲ. ಎಲ್ಲರೂ ಬಡಗಿಯತ್ತ ತಿರುಗಿ ನಕ್ಕರು, ತಲೆಯಾಡಿಸಿದರು. ಆದರೆ ಎಲ್ಲರ ಕೈಯಲ್ಲೂ ಹಣ್ಣಿನ ಬುಟ್ಟಿ. ಬಿಟ್ಟರೆ ಉರುಳಿಹೋಗುತ್ತದೆ. ಕೆಳಗೆ ನೋಡಿದರೆ ಬರೀ ನೆಲ, ನೆಲದ ಮೇಲೆ ಬೆಂಚಿನ ಕಾಲುಗಳ ಗುರುತು.

ಬಡಗಿಯ ಬುಟ್ಟಿ ಇನ್ನೂ ಬಂದಿರಲಿಲ್ಲ. ಇಡೀ ಹಜಾರದಲ್ಲಿ ಖಾಲಿಯಿದ್ದ ಕೈ ಅವನವೆರಡೇ. ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಚಪ್ಪಾಳೆ ಎಂದು ಕೇಳಿದ್ದೇ ತಡ, ಆ ಎರಡು ಕೈಗಳೂ ತಾವಾಗಿ ತಟ್ಟಿಕೊಂಡವು.

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು.

ತೋಟಪ್ಪನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. “ಪಾಪ. ಅವನಿಗೆ ಆ ಸನ್ಮಾನ ಸಲ್ಲಬೇಕಾದದ್ದೇ ಅಲ್ಲವೇ ಗುರುಗಳೇ?”

“ಸಲ್ಲಬೇಕಾದದ್ದೇ.”

“ಹಾಗಾದರೆ ನನ್ನ ಹೆಸರು?”

ತೋಟಪ್ಪ ಆಗಲೇ ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡಿದ್ದ. ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಬರೆಯಪ್ಪ, ನಿನಗೂ ಸಲ್ಲಬೇಕಾದದ್ದೇ, ಆದರೆ ಮಕ್ಕಳಿಗೆ ರಜೆ ಕೊಡಿಸಿದ್ದೀಯಲ್ಲ, ಆವತ್ತು ಯಾರ ಕೈ ಖಾಲಿ ಇರುತ್ತೆ?”