ನೀಲಮ್ಮನವರ ಹಿತ್ತಲು

ತುಂಗಭದ್ರೆಯ ದಂಡೆಯಲ್ಲಿ ನೀಲಮ್ಮನವರದೊಂದು ಮನೆಯಿತ್ತು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಅವರು ಮನೆ ಎಂದೇ ಹೇಳುತ್ತಿದ್ದರು. ಎರಡು ಕೋಣೆ, ಒಂದು ಜಗಲಿ, ಹಿತ್ತಲಲ್ಲಿ ಹೊಳೆಯವರೆಗೂ ಹೂವಿನ ಗಿಡಗಳು.

ಮಾಘ ಮಾಸದ ಒಂದು ಬೆಳಿಗ್ಗೆ ಮುರಿಗೆಪ್ಪ ಅಲ್ಲಿಗೆ ಬಂದ. ವಯಸ್ಸು ನಲವತ್ತರ ಹತ್ತಿರ. ಜಮೀನು ಅಳೆಯುವ ಕೆಲಸದಲ್ಲಿದ್ದವನು, ಬಿಟ್ಟಿದ್ದ. ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದಳು. ಆರು ವರ್ಷದ ಮಗಳು ಶಿವಲೀಲೆಯನ್ನು ಹರಿಹರದಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದ.

"ತಾಯಿ, ಇನ್ನು ಯಾವುದಕ್ಕೂ ದುಃಖಪಡದ ಹಾಗೆ ಬದುಕಬೇಕು. ಅದನ್ನು ಕಲಿಯಲು ಬಂದಿದ್ದೇನೆ" ಎಂದ.

"ಗಿಡಕ್ಕೆ ನೀರು ಹಾಕಲು ಬರುತ್ತದೆಯೇ?"

"ಅದರಲ್ಲಿ ಬಾರದಿರುವುದೇನಿದೆ?"

"ಬಿಂದಿಗೆ ಅಲ್ಲಿದೆ" ಎಂದರು ನೀಲಮ್ಮನವರು.

ಅವನು ದಿನಾ ಹೊಳೆಯಿಂದ ನೀರು ಹೊತ್ತು ಹಾಕಿದ. ಚೈತ್ರ ಬಂತು. ದುಂಡುಮಲ್ಲಿಗೆ ಬಳ್ಳಿಗಳಲ್ಲಿ ಮೊಗ್ಗು ತುಂಬಿದವು. ಸಂಜೆಯಾದರೆ ಹಿತ್ತಲೆಲ್ಲ ಘಮಘಮ. ನೀಲಮ್ಮನವರು ಬಳ್ಳಿಯ ಪಕ್ಕದಲ್ಲೇ ಕೂತು, ಮೊಗ್ಗು ಬಿರಿಯುವುದನ್ನು ನೋಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು.

ಒಂದು ಸಂಜೆ ಕೇಳಿದರು. "ಇವತ್ತು ವಾಸನೆ ಹೇಗಿತ್ತು?"

"ಗಮನಿಸಲಿಲ್ಲ, ತಾಯಿ. ನೀರು ಹಾಕಿ ಬಂದೆ."

"ಹಾಗಾದರೆ ಕೆಲಸ ಅರ್ಧವೇ ಆಗಿದೆ. ಇನ್ನೊಂದು ಸಲ ಹೋಗಿ ಬಾ."

ಅವನು ಹೋದ. ಬರಿಗೈಯಲ್ಲಿ ನಿಂತು ಮೂಸಿದ. ಹೆಂಡತಿಯ ಜಡೆ ನೆನಪಾಯಿತು. ಬೇಗ ಒಳಗೆ ಬಂದುಬಿಟ್ಟ.

ತಿಂಗಳಿಗೊಮ್ಮೆ ಅಕ್ಕನ ಕಾಗದ ಬರುತ್ತಿತ್ತು. ಅವನು ಒಡೆಯುತ್ತಿರಲಿಲ್ಲ. ಮಗಳ ಸುದ್ದಿ ಇರುತ್ತದೆ, ಓದಿದರೆ ಮನಸ್ಸು ಅತ್ತ ಎಳೆಯುತ್ತದೆ ಎಂದು ಅವನ ಹೆದರಿಕೆ. ಮೊದಲನೆಯದನ್ನು ಗುರುವಿನ ಕೈಗೆ ಕೊಟ್ಟ.

"ನೀವೇ ಇಟ್ಟುಕೊಳ್ಳಿ, ತಾಯಿ."

"ನನಗೆ ಬಂದದ್ದಲ್ಲವಲ್ಲ" ಎಂದು ಅವರು ಅದನ್ನು ಗೋಡೆಯ ಗೂಡಿನಲ್ಲಿಟ್ಟರು. ಮುಂದಿನವೂ ಅಲ್ಲಿಗೇ ಸೇರಿದವು.

ಮುಂಗಾರು ಮಳೆ ಬಿತ್ತು. ಚೆಂಡುಹೂವಿನ ಸಸಿ ನೆಟ್ಟರು. ಸೇವಂತಿಗೆಯ ಬುಡದ ಮರಿಗಳನ್ನು ಬಿಡಿಸಿ ಬೇರೆ ಬೇರೆ ಮಡಿಗೆ ಹಾಕಿದರು. ಮುರಿಗೆಪ್ಪನ ಉಗುರುಗಳಲ್ಲಿ ಸದಾ ಮಣ್ಣಿರುತ್ತಿತ್ತು. ಒಂದು ದಿನ ಎದ್ದವನು ಮುಖವನ್ನೂ ತೊಳೆಯದೆ ಹಿತ್ತಲಿಗೆ ಹೋಗಿದ್ದ. ಅದು ಅರಿವಾದದ್ದು ಆಮೇಲೆ. ಗಾಬರಿಯಿಂದ ಗುರುವಿನ ಹತ್ತಿರ ಬಂದ.

"ತಾಯಿ, ನನಗೆ ಬೇರೆ ಕೆಲಸ ಕೊಡಿ. ಅಡುಗೆ ಮಾಡುತ್ತೇನೆ, ಪಾತ್ರೆ ತೊಳೆಯುತ್ತೇನೆ."

"ಯಾಕೆ?"

"ಗಿಡಗಳ ಮೇಲೆ ಮೋಹ ಹುಟ್ಟುತ್ತಿದೆ."

"ಏನು ನೋಡಿದೆ?"

"ಸುಗಂಧರಾಜ ಮೊದಲ ಕಡ್ಡಿ ಬಿಟ್ಟಿದೆ. ಕೆಳಗಿನ ಎರಡು ಹೂ ಅರಳಿವೆ, ಮೇಲಿನವು ಇನ್ನೂ ಹಸಿರು. ಒಂದು ಇರುವೆ ಆ ಕಡ್ಡಿ ಹತ್ತುತ್ತಿತ್ತು. ಅರ್ಧಕ್ಕೆ ಬಂದು, ಯಾಕೋ ಏನೋ, ಇಳಿದು ಹೋಯಿತು."

ನೀಲಮ್ಮನವರು ಕಣ್ಣು ಮುಚ್ಚಿ ಕೇಳಿದರು.

"ನಾಳೆ ಮುಖ ತೊಳೆದುಕೊಂಡು ಹೋಗು" ಎಂದರು.

ಶ್ರಾವಣದಲ್ಲಿ ಹೊಳೆ ಏರಿತು. ಬೆಳಕು ಹರಿಯುವಾಗ ನೀರು ಹಿತ್ತಲ ಬೇಲಿ ದಾಟಿತ್ತು, ಮಧ್ಯಾಹ್ನ ಜಗಲಿಯ ಮೆಟ್ಟಿಲಿಗೆ ಬಂತು. ಮೂರು ದಿನ ಇಳಿಯಲಿಲ್ಲ. ಇಳಿದಾಗ ಹಿತ್ತಲಲ್ಲಿ ಮೊಣಕಾಲುದ್ದ ಕೆಸರಿತ್ತು. ಹೂವಿನ ಗಿಡ ಒಂದೂ ಕಾಣಲಿಲ್ಲ.

ನೀಲಮ್ಮನವರು ಮೆಟ್ಟಿಲ ಮೇಲೆ ಕೂತು ಅತ್ತರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅತ್ತರು.

ಮುರಿಗೆಪ್ಪ ನೋಡುತ್ತ ನಿಂತ. "ನೀವೂ ಅಳುತ್ತೀರಾ?"

"ಹತ್ತು ವರ್ಷದ ಮಲ್ಲಿಗೆಯಪ್ಪ. ಅಳದೆ ಏನು ಮಾಡಲಿ?"

"ದುಃಖವಿಲ್ಲದೆ ಬದುಕುವುದನ್ನು ಕಲಿಸುತ್ತೀರಿ ಎಂದುಕೊಂಡಿದ್ದೆ."

"ನಾನು ಯಾವತ್ತಾದರೂ ಹಾಗೆ ಹೇಳಿದೆನೇ?"

ಅವನು ನೆನಪು ಮಾಡಿಕೊಂಡ. ಅವರು ಹೇಳಿರಲಿಲ್ಲ. ಮೋಸಹೋದೆ ಎನ್ನಿಸಿತು. ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದ.

"ಹೊರಟೆಯಾ?"

"ಉತ್ತರದಲ್ಲಿ ಒಂದು ಮಠವಿದೆಯಂತೆ. ಅಲ್ಲಿ ಹೂವಿನ ತೋಟ ಇಲ್ಲವಂತೆ."

"ಹೋಗು. ಆ ಮೂಲೆಯ ಕೆಸರು ಎತ್ತಿಕೊಟ್ಟು ಹೋದರೆ ಉಪಕಾರ. ನನ್ನ ಸೊಂಟ ಬಗ್ಗುವುದಿಲ್ಲ."

ಅವನು ಗಂಟು ಕೆಳಗಿಟ್ಟು ಸಲಿಕೆ ತೆಗೆದುಕೊಂಡ. ಮಧ್ಯಾಹ್ನದವರೆಗೂ ಎತ್ತಿದ. ಕೆಸರಿನಡಿ ಮಲ್ಲಿಗೆಯ ಮೂರು ಬುಡ ಸಿಕ್ಕವು. ಎರಡು ಕೊಳೆತು ಕೈಯಲ್ಲೇ ಮುರಿದು ಬಂದವು. ಮೂರನೆಯದರ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರಿತ್ತು.

ಅಲ್ಲೇ ಕೆಸರಲ್ಲಿ ಕೂತುಬಿಟ್ಟ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಅವನು ಅತ್ತಿರಲಿಲ್ಲ. ಈಗ ಅತ್ತ. ನೀಲಮ್ಮನವರು ಹತ್ತಿರ ಬರಲಿಲ್ಲ. ಆಚೆ ಬದಿಯಲ್ಲಿ ಬೇಲಿಯ ಗೂಟಗಳನ್ನು ಒಂದೊಂದಾಗಿ ಆಯ್ದು ಒಟ್ಟುತ್ತಿದ್ದರು.

ಆ ದಿನ ಅವನು ಹೊರಡಲಿಲ್ಲ. ಮಾರನೆಯ ದಿನವೂ ಹೊರಡಲಿಲ್ಲ.

ವಾರ ಕಳೆಯುವುದರೊಳಗೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳ ಕೈಯಲ್ಲಿ ಸೇವಂತಿಗೆಯ ಮರಿ, ಇನ್ನೊಬ್ಬಳ ಮಡಿಲಲ್ಲಿ ಸುಗಂಧರಾಜದ ಗೆಡ್ಡೆ.

"ಅಮ್ಮಾ, ನೀವೇ ಕೊಟ್ಟದ್ದು. ನಮ್ಮ ಹಿತ್ತಲಲ್ಲಿ ಬೇಕಾದಷ್ಟಾಗಿದೆ."

ಮುರಿಗೆಪ್ಪ ಎಲ್ಲವನ್ನೂ ನೆಟ್ಟ. ಯಾವುದು ಯಾರ ಮನೆಯದೆಂದು ನೆನಪಿಟ್ಟುಕೊಂಡ. ಕೆಸರು ಒಳ್ಳೆಯ ಗೊಬ್ಬರವಾಗಿತ್ತು. ಕಾರ್ತಿಕದ ಮಂಜಿನಲ್ಲಿ ಸೇವಂತಿಗೆ ಅರಳಿತು, ಮಡಿ ತುಂಬ ಹಳದಿ. ಅವನು ಸೂರ್ಯ ಹುಟ್ಟುವ ಮುಂಚೆಯೇ ಹೋಗಿ, ಎಲೆಯ ಮೇಲಿನ ಇಬ್ಬನಿಯಲ್ಲಿ ಕೈ ಒದ್ದೆ ಮಾಡಿಕೊಂಡು ಬರುತ್ತಿದ್ದ. ಗುರು ಕೇಳುವ ಮೊದಲೇ ಹೇಳುತ್ತಿದ್ದ. "ಮೂರನೆಯ ಮಡಿಯಲ್ಲಿ ಒಂದು ಬಿಳಿದು ಬಂದಿದೆ ತಾಯಿ, ಯಾರ ಮನೆಯದೋ ಬೆರೆತುಹೋಗಿದೆ."

ಅಂಥ ಒಂದು ಬೆಳಿಗ್ಗೆ ಗೂಡಿನಿಂದ ಕಾಗದಗಳನ್ನು ತೆಗೆದು ಜಗಲಿಯಲ್ಲಿ ಕೂತು ಓದಿದ. ಅಕ್ಕನ ಸಾಲುಗಳ ಕೆಳಗೆ ಮಗಳ ದಪ್ಪ ಅಕ್ಷರಗಳಿದ್ದವು. ವೈಶಾಖದ ಕಾಗದದಲ್ಲಿ, "ಅಪ್ಪಾ, ನನ್ನ ಮುಂದಿನ ಹಲ್ಲು ಬಿತ್ತು." ಆಷಾಢದ್ದರಲ್ಲಿ, "ಇನ್ನೊಂದೂ ಬಿತ್ತು, ಎಲ್ಲರೂ ನಗುತ್ತಾರೆ." ಕೊನೆಯದರಲ್ಲಿ, "ಎರಡೂ ಬಂದವು."

ಅವನು ಕಾಗದಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಹಿತ್ತಲಿಗೆ ಬಂದ. ನೀಲಮ್ಮನವರು ಬಾಗಿದ ಸೇವಂತಿಗೆಗೆ ಕಡ್ಡಿ ಊರಿ ಕಟ್ಟುತ್ತಿದ್ದರು.

"ತಾಯಿ, ಅವಳ ಹಲ್ಲು ಬಿದ್ದು, ಮತ್ತೆ ಬಂದೂ ಆಯಿತು. ನಾನು ನೋಡಲೇ ಇಲ್ಲ."

ಅವರು ದಾರ ಎಳೆದು ಗಂಟು ಹಾಕಿದರು.

"ಹರಿಹರಕ್ಕೆ ಹೋಗಬೇಕು ಅನ್ನಿಸುತ್ತಿದೆ. ಆದರೆ ಕಾಲು ಬರುತ್ತಿಲ್ಲ. ಅವಳಿಗೂ ಏನಾದರೂ ಆದರೆ?"

"ಆಗುತ್ತದೆ, ಮುರಿಗೆಪ್ಪ. ಜ್ವರ ಬರುತ್ತದೆ, ಮಂಡಿ ತರಚುತ್ತದೆ, ಲಂಗ ಗಿಡ್ಡವಾಗುತ್ತದೆ, ಒಂದು ದಿನ ನಿನ್ನ ಭುಜದೆತ್ತರಕ್ಕೆ ಬಂದು ನಿಲ್ಲುತ್ತಾಳೆ. ಯಾರಾದರೂ ನೋಡುತ್ತಿರಬೇಕಲ್ಲಪ್ಪ."